ಕಾರಿನ ಚಕ್ರದಿಂದ ವಿಚಿತ್ರ ಶಬ್ದ: ಕಾರಣ ಗುರುತಿಸುವುದು ಹೇಗೆ, ವಾಹನ ನಿಲ್ಲಿಸಬೇಕಾದುದು ಯಾವಾಗ?

ಬೆಳಗಾವಿ ನಗರದಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಅಂತರವಿದೆ. ಸಾಧಾರಣ ಗಾತ್ರದ ಕಾರೊಂದರ ಪ್ರತಿಯೊಂದು ಚಕ್ರವೂ ಇಷ್ಟು ದಾರಿಯನ್ನು ಕ್ರಮಿಸಲು 13 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಲ್ಲಿಂದ ಮುಂದೆ ಲೋಂಡಾ, ರಾಮನಗರ ಮಾರ್ಗವಾಗಿ ಅನಮೋಡ ಘಟ್ಟ ಇಳಿಯುವವರೂ, ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಟ್ಟ ಇಳಿದು ಗೋವೆಗೆ ಹೋಗುವವರೂ ಅನೇಕರು. ಇಂಥ ಪ್ರಯಾಣದ ನಡುವೆ ಚಕ್ರದ ಕಡೆಯಿಂದ ಹಿಂದೆಂದೂ ಕೇಳದ ಸದ್ದೊಂದು ಬರತೊಡಗಿದರೆ ಏನು ಮಾಡಬೇಕು ಎಂಬ ಪ್ರಶ್ನೆ ವಾಹನ ಮಾಲೀಕರನ್ನು ಕಾಡುವುದು ಸಹಜ.

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಚಿಕ್ಕ ಕಲ್ಲೂ ಸದ್ದು ಮಾಡುತ್ತದೆ, ಕಳಚಿಕೊಳ್ಳುವ ಹಂತಕ್ಕೆ ಬಂದ ಚಕ್ರವೂ ಸದ್ದು ಮಾಡುತ್ತದೆ. ಮೊದಲನೆಯದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಎರಡನೆಯದನ್ನು ಕಡೆಗಣಿಸಿದರೆ ಜೀವಕ್ಕೇ ಅಪಾಯ. ಇನ್ನೊಂದೆಡೆ, ಶಬ್ದದ ಮೂಲವನ್ನು ಸರಿಯಾಗಿ ಪತ್ತೆ ಮಾಡದೆ ಬೇರಿಂಗ್, ಟೈರು, ಶಾಕ್ ಅಬ್ಸಾರ್ಬರ್ ಎಂದು ಒಂದೊಂದಾಗಿ ಬದಲಿಸುತ್ತಾ ಹೋಗಿ ಹಣ ಕಳೆದುಕೊಳ್ಳುವವರೂ ಇದ್ದಾರೆ. ಗ್ಯಾರೇಜಿಗೆ ಹೋಗುವ ಮುನ್ನ ಮಾಲೀಕರೇ ಮಾಡಬಹುದಾದ ಪರೀಕ್ಷೆಗಳನ್ನೂ, ಒಂದೊಂದು ಬಗೆಯ ಶಬ್ದದ ಅರ್ಥವನ್ನೂ ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಈ ಭಾಗದಲ್ಲಿ ಸಮಸ್ಯೆ ಏಕೆ ಹೆಚ್ಚು?

ಖಾನಾಪುರ ತಾಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ಮಡಿಲಲ್ಲಿದೆ. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ ಬೆಳಗಾವಿ ಜಿಲ್ಲೆಯಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ರಸ್ತೆಗಳಲ್ಲಿ ಸಂಚರಿಸುವ ವಾಹನದ ಚಕ್ರಗಳು ನೀರು, ಕೆಸರು, ಗುಂಡಿ ಈ ಮೂರನ್ನೂ ಏಕಕಾಲಕ್ಕೆ ಎದುರಿಸಬೇಕಾಗುತ್ತದೆ.

ವಾಹನ ಓಡಿದಾಗ ಬ್ರೇಕ್ ಮತ್ತು ಚಕ್ರದ ನಡುಭಾಗ ಬಿಸಿಯಾಗಿರುತ್ತದೆ. ಆ ಸ್ಥಿತಿಯಲ್ಲಿ ಚಕ್ರವು ರಸ್ತೆಯ ಮೇಲೆ ಹರಿಯುವ ತಣ್ಣೀರಿಗೆ ಇಳಿದರೆ ಬೇರಿಂಗ್‌ನ ಒಳಗಿನ ಗಾಳಿ ಹಠಾತ್ತನೆ ಕುಗ್ಗುತ್ತದೆ. ಆಗ ಹಳೆಯದಾದ ಸೀಲ್‌ನ ಅಂಚಿನಿಂದ ನೀರು ಒಳಗೆ ಸೆಳೆಯಲ್ಪಡುವ ಸಾಧ್ಯತೆಯಿದೆ. ಒಳಹೊಕ್ಕ ನೀರು ಗ್ರೀಸನ್ನು ಕೆಡಿಸಿ ಉಕ್ಕಿನ ಗುಂಡುಗಳಿಗೆ ತುಕ್ಕು ಹಿಡಿಸುತ್ತದೆ. ಪರಿಣಾಮ ತಕ್ಷಣ ಕಾಣದು; ಮಳೆಗಾಲ ಮುಗಿದ ಒಂದೆರಡು ತಿಂಗಳ ಬಳಿಕ ಸದ್ದು ಕೇಳಿಬರುತ್ತದೆ. ಗುಂಡಿಗೆ ಬಿದ್ದ ರಭಸಕ್ಕೂ ಇಂಥದೇ ಪರಿಣಾಮವುಂಟು. ಗುಂಡುಗಳು ಬಳೆಯ ಮೇಲೆ ಸಣ್ಣ ತಗ್ಗುಗಳನ್ನು ಮೂಡಿಸುತ್ತವೆ. ಕ್ರಮೇಣ ಅಲ್ಲಿಂದಲೇ ಲೋಹ ಚಕ್ಕೆಚಕ್ಕೆಯಾಗಿ ಏಳತೊಡಗುತ್ತದೆ. ನಮ್ಮಲ್ಲಿ ಎಡಬದಿಯ ಸಂಚಾರವಿರುವುದರಿಂದ ರಸ್ತೆಯಂಚಿನ ಗುಂಡಿ, ಕೆಸರುಗಳ ಹೊಡೆತ ಎಡ ಚಕ್ರಗಳಿಗೇ ಹೆಚ್ಚು.

ಇಟ್ಟಿಗೆ, ಹೆಂಚು, ಮಡಕೆಗಳಿಗೆ ಹೆಸರಾದ ಖಾನಾಪುರದ ಜೇಡಿಮಣ್ಣು ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ರಿಮ್‌ನ ಒಳಭಾಗದಲ್ಲಿ ಒಂದೇ ಕಡೆ ಅಂಟಿ ಒಣಗಿದ ಮಣ್ಣು ಚಕ್ರದ ಸಮತೋಲ ಕೆಡಿಸುತ್ತದೆ. ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಗಾಬರಿಯಾಗುವ ಮೊದಲು ರಿಮ್‌ನ ಒಳಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಸಿ ನೋಡುವುದು ಒಳಿತು.

ಶಬ್ದ ಚಕ್ರದ್ದೇ ಹೌದೇ?

ಮೊದಲು ತೀರ್ಮಾನಿಸಬೇಕಾದ ವಿಷಯವಿದು. ಎಂಜಿನ್ನಿನ ಶಬ್ದವು ಎಂಜಿನ್ ತಿರುಗುವ ವೇಗವನ್ನು ಅನುಸರಿಸುತ್ತದೆ. ಚಕ್ರದ ಶಬ್ದವು ವಾಹನದ ವೇಗವನ್ನು ಅನುಸರಿಸುತ್ತದೆ. ಸಂಚಾರ ವಿರಳವಾಗಿರುವ ಸಮತಟ್ಟಾದ ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಹೋಗಿ, ಅದೇ ವೇಗದಲ್ಲಿ ಮೂರನೇ ಗೇರಿಗೆ ಬದಲಿಸಿ. ಎಂಜಿನ್ನಿನ ಸದ್ದು ಏರುತ್ತದೆ. ನಿಮ್ಮನ್ನು ಕಾಡುತ್ತಿರುವ ಶಬ್ದ ಏರದೆ ಮೊದಲಿನಂತೆಯೇ ಇದ್ದರೆ ಅದು ಚಕ್ರ, ಬ್ರೇಕ್ ಅಥವಾ ಆಕ್ಸಲ್ ಕಡೆಯದು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಘಟ್ಟ ಇಳಿಯುತ್ತಾ ಈ ಪರೀಕ್ಷೆ ಮಾಡುವುದು ಸರ್ವಥಾ ಸಲ್ಲದು.

ಇನ್ನೊಂದು ಸಾಧನವೆಂದರೆ ಸರಳ ಲೆಕ್ಕ. 165/80 ಆರ್14 ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಆ ಚಕ್ರ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು ಮೂರು ಸುತ್ತು, 40ರಲ್ಲಿ ಸುಮಾರು ಆರು, 60ರಲ್ಲಿ ಎಂಟರಿಂದ ಒಂಬತ್ತು ಸುತ್ತು ತಿರುಗುತ್ತದೆ. 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸರಿಯಾಗಿ ಮೂರು ಬಾರಿ ‘ಟಕ್’ ಎಂದರೆ ಚಕ್ರ ಒಂದು ಸುತ್ತು ತಿರುಗುವಾಗ ಒಮ್ಮೆ ಏನೋ ತಗಲುತ್ತಿದೆ ಎಂದು ತಿಳಿಯಬಹುದು. ಕಲ್ಲು, ಮೊಳೆ, ಉಬ್ಬಿದ ಟೈರು, ಸಡಿಲಗೊಂಡ ವ್ಹೀಲ್ ಕ್ಯಾಪ್ ಇವುಗಳಲ್ಲಿ ಯಾವುದಾದರೂ ಇರಬಹುದು. ವೇಗಕ್ಕೂ ಸದ್ದಿಗೂ ತಾಳೆಯಾಗದೆ, ರಸ್ತೆ ಏರುಪೇರಾದಾಗ ಮಾತ್ರ ಕೇಳಿಬಂದರೆ ಅದು ಚಕ್ರದ ತಿರುಗುವ ಭಾಗದ್ದಲ್ಲ, ಸಸ್ಪೆನ್ಷನ್‌ನದು.

ಶಬ್ದಗಳು ಮತ್ತು ಅವುಗಳ ಅರ್ಥ

1. ‘ಗುಂಯ್’ ಎಂಬ ನಿರಂತರ ಮೊರೆತ: ಇದಕ್ಕೆ ಮುಖ್ಯ ಕಾರಣಗಳು ಎರಡು. ಒಂದು ವ್ಹೀಲ್ ಬೇರಿಂಗ್, ಇನ್ನೊಂದು ಅಸಮವಾಗಿ ಸವೆದ ಟೈರು. ಎರಡೂ ವೇಗ ಹೆಚ್ಚಿದಂತೆ ಹೆಚ್ಚುತ್ತವೆ. ಆದ್ದರಿಂದಲೇ ಇವೆರಡರ ನಡುವೆ ಗೊಂದಲ ಹೆಚ್ಚು. ವ್ಯತ್ಯಾಸ ತಿಳಿಯಲು ರಸ್ತೆಯ ಮೇಲ್ಮೈಯನ್ನು ಗಮನಿಸಬೇಕು. ನಯವಾದ ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಸದ್ದಿನ ಸ್ವರೂಪ ಬದಲಾದರೆ ಅದು ಟೈರಿನದು. ರಸ್ತೆ ಯಾವುದಾದರೂ ಒಂದೇ ರೀತಿ ಮೊರೆದರೆ ಬೇರಿಂಗ್ ಮೇಲೆ ಅನುಮಾನ ಪಡಬೇಕು. ನಿಂತ ವಾಹನದ ಟೈರಿನ ಮೇಲೆ, ತಂತಿ ಅಥವಾ ಗಾಜಿನ ಚೂರು ಇಲ್ಲವೆಂದು ನೋಡಿಕೊಂಡು, ಅಂಗೈ ಸವರಿ. ಗರಗಸದ ಹಲ್ಲಿನಂತೆ ಒಂದು ದಿಕ್ಕಿನಲ್ಲಿ ನಯವಾಗಿಯೂ ಇನ್ನೊಂದು ದಿಕ್ಕಿನಲ್ಲಿ ಚುಚ್ಚಿದಂತೆಯೂ ಅನ್ನಿಸಿದರೆ ಟೈರು ಅಸಮವಾಗಿ ಸವೆದಿದೆ ಎಂದರ್ಥ. ಮುಂದಿನ ಹಾಗೂ ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿದಾಗ ಸದ್ದು ಬರುವ ಸ್ಥಳವೂ ಬದಲಾದರೆ ಸಂಶಯ ಪೂರ್ಣವಾಗಿ ಪರಿಹಾರವಾದಂತೆ. ಆದರೆ ಹೊಸ ಟೈರು ಹಾಕಿಸುವ ಮುನ್ನ ಅಲೈನ್‌ಮೆಂಟ್ ಹಾಗೂ ಶಾಕ್ ಅಬ್ಸಾರ್ಬರ್ ಪರೀಕ್ಷಿಸದಿದ್ದರೆ ಹೊಸ ಟೈರೂ ಅದೇ ರೀತಿ ಸವೆಯುತ್ತದೆ.

2. ತೀವ್ರವಾದ ‘ಕೀ’ ಎಂಬ ಸದ್ದು: ಅನೇಕ ಕಾರುಗಳ ಬ್ರೇಕ್ ಪ್ಯಾಡಿನಲ್ಲಿ ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಜೋಡಿಸಿರುತ್ತಾರೆ. ಪ್ಯಾಡ್ ಸವೆದು ತೆಳುವಾದಾಗ ಈ ಪಟ್ಟಿ ಡಿಸ್ಕ್‌ಗೆ ತಗುಲಿ ಕೀರಲು ದನಿ ಹೊರಡಿಸುತ್ತದೆ. ಇದು ದೋಷವಲ್ಲ, ಪ್ಯಾಡ್ ಬದಲಿಸಿ ಎಂದು ತಯಾರಕರೇ ಇಟ್ಟಿರುವ ಎಚ್ಚರಿಕೆ. ಪ್ಯಾಡಿನ ಘರ್ಷಣಾ ಪದಾರ್ಥ ಸುಮಾರು 3 ಮಿ.ಮೀ.ಗೆ ಇಳಿದಾಗ ಬದಲಿಸುವುದು ವಾಡಿಕೆ. ಮಳೆಯಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಹೊರಟಾಗ ಚರಚರ ಸದ್ದು ಮಾಡಿ, ನಾಲ್ಕಾರು ಬಾರಿ ಬ್ರೇಕ್ ಒತ್ತಿದ ಮೇಲೆ ಸುಮ್ಮನಾದರೆ ಅದು ಡಿಸ್ಕ್ ಮೇಲಿನ ತೆಳು ತುಕ್ಕು. ಚಿಂತಿಸಬೇಕಾಗಿಲ್ಲ.

3. ಲೋಹಕ್ಕೆ ಲೋಹ ತಿಕ್ಕಿದ ಕರಕರ: ಬ್ರೇಕ್ ಒತ್ತಿದಾಗ ಕೇಳಿಬಂದರೆ ಪ್ಯಾಡ್ ಪೂರ್ಣ ಸವೆದು ಅದರ ಹಿಂದಿನ ಉಕ್ಕಿನ ತಗಡು ಡಿಸ್ಕನ್ನು ಕೊರೆಯುತ್ತಿದೆ ಎಂದರ್ಥ. ಡಿಸ್ಕ್ ತಯಾರಾಗುವುದು ಬೆಳಗಾವಿಯ ಫೌಂಡ್ರಿಗಳಿಗೆ ಚಿರಪರಿಚಿತವಾದ ಬೂದು ಎರಕದ ಕಬ್ಬಿಣದಿಂದ. ಶಾಖ ತಡೆಯುವಲ್ಲಿ, ಕಂಪನ ಹೀರುವಲ್ಲಿ ಅದು ಉತ್ತಮ. ಆದರೆ ಉಕ್ಕಿನ ಕೊರೆತಕ್ಕೆ ಬೇಗ ಸವೆಯುತ್ತದೆ. ಇಂಥ ಕಾರನ್ನು ಘಟ್ಟಕ್ಕೆ ಒಯ್ಯಬಾರದು. ಬ್ರೇಕ್ ಒತ್ತದಿದ್ದಾಗಲೂ ಕರಕರ ಬರುತ್ತಿದ್ದರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಜಲ್ಲಿಕಲ್ಲು ಸಿಕ್ಕಿರಬಹುದು. ಹೊಸದಾಗಿ ಜಲ್ಲಿ ಹಾಕಿದ ರಸ್ತೆಯಲ್ಲಿ ಹೋಗಿಬಂದವರಿಗೆ ಇದು ಸಾಮಾನ್ಯ. ನಿಧಾನವಾಗಿ ಹಿಂದೆ ಮುಂದೆ ಚಲಿಸಿದರೆ ಕಲ್ಲು ಉದುರುವುದುಂಟು. ಇಲ್ಲವಾದರೆ ಚಕ್ರ ಬಿಚ್ಚಿ ತೆಗೆಯಬೇಕಾಗುತ್ತದೆ.

4. ತಿರುವಿನಲ್ಲಿ ‘ಕಟಕಟ’: ಸ್ಟೇರಿಂಗನ್ನು ಪೂರ್ಣ ತಿರುಗಿಸಿ ನಿಧಾನವಾಗಿ ವೇಗ ಹೆಚ್ಚಿಸಿದಾಗ ಕಟಕಟ ಎಂದರೆ ಡ್ರೈವ್ ಶಾಫ್ಟ್‌ನ ಹೊರ ತುದಿಯ ಸಿ.ವಿ. ಜಾಯಿಂಟ್ ಸವೆದಿರುತ್ತದೆ. ಸಾಮಾನ್ಯವಾಗಿ ತಿರುವಿನ ಹೊರಬದಿಯ ಚಕ್ರದ ಜಾಯಿಂಟ್ ಹೆಚ್ಚು ಸದ್ದು ಮಾಡುತ್ತದೆ. ಇದಕ್ಕೆ ಮೂಲ ಕಾರಣ ಜಾಯಿಂಟ್ ಮೇಲಿನ ರಬ್ಬರ್ ಬೂಟ್ ಹರಿಯುವುದು. ಬೂಟ್ ಹರಿದರೆ ಗ್ರೀಸ್ ಹೊರಚೆಲ್ಲಿ ರಿಮ್‌ನ ಒಳಬದಿಗೆ ಕಪ್ಪಗೆ ಅಂಟಿರುತ್ತದೆ. ಸದ್ದು ಆರಂಭವಾಗುವ ಮೊದಲೇ ಇದನ್ನು ಕಂಡರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕಾಗಬಹುದು. ತಡಮಾಡಿದರೆ ಇಡೀ ಜಾಯಿಂಟ್ ಬದಲಿಸಬೇಕಾಗಿ ಖರ್ಚು ಹಲವು ಪಟ್ಟು ಏರುತ್ತದೆ.

5. ಗುಂಡಿಯಲ್ಲಿ ‘ಧಡಕ್’ ಅಥವಾ ‘ಕಟ್’: ನಿಧಾನ ವೇಗದಲ್ಲಿ ಸಣ್ಣ ಏರುಪೇರಿಗೂ ಕಟಕಟ ಎಂದರೆ ಸ್ಟೆಬಿಲೈಜರ್‌ನ ಲಿಂಕ್ ರಾಡ್ ಸಡಿಲಾಗಿರುವ ಸಂಭವ ಹೆಚ್ಚು. ದೊಡ್ಡ ಗುಂಡಿಯಲ್ಲಿ ಭಾರವಾದ ಧಡಕ್ ಬಂದರೆ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಅಥವಾ ಶಾಕ್ ಅಬ್ಸಾರ್ಬರ್ ನೋಡಬೇಕು. ಲಿಂಕ್ ರಾಡ್ ಸ್ವಲ್ಪ ದಿನ ತಡೆಯಬಹುದು. ಬಾಲ್ ಜಾಯಿಂಟ್ ತಡೆಯುವಂಥದಲ್ಲ; ಅದು ಕಳಚಿಕೊಂಡರೆ ಚಕ್ರವೇ ಹೊರಕ್ಕೆ ವಾಲಿ ಸ್ಟೇರಿಂಗ್ ಹತೋಟಿ ತಪ್ಪುತ್ತದೆ.

ಯಾವ ಬದಿಯ ಬೇರಿಂಗ್?

ವಾಹನ ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗಿದಾಗ ಎಡ ಚಕ್ರಗಳ ಮೇಲೆ. ಭಾರ ಬಿದ್ದ ಬದಿಯ ಕೆಟ್ಟ ಬೇರಿಂಗ್ ಹೆಚ್ಚು ಮೊರೆಯುತ್ತದೆ. ಚನ್ನಮ್ಮ ವೃತ್ತವನ್ನು ಸುತ್ತುವಾಗ ನಾವು ಬಲಕ್ಕೆ ಬಾಗುತ್ತಿರುತ್ತೇವೆ, ಆದ್ದರಿಂದ ಆಗ ಎಡ ಚಕ್ರಗಳ ಮೇಲೆ ಹೊರೆ. ಆದರೆ ನಗರದ ವೃತ್ತಗಳಲ್ಲಿ ವೇಗ ಕಡಿಮೆ, ಗದ್ದಲ ಹೆಚ್ಚು. ಹೆದ್ದಾರಿಯ ಉದ್ದನೆಯ ತಿರುವುಗಳಲ್ಲಿ, ಕಿಟಕಿ ಮುಚ್ಚಿ, ರೇಡಿಯೊ ಹಾಗೂ ಎ.ಸಿ. ಫ್ಯಾನ್ ನಿಲ್ಲಿಸಿ, ಪಕ್ಕದಲ್ಲಿ ಕುಳಿತವರು ಆಲಿಸುವುದು ಉತ್ತಮ. ಚಾಲಕರು ಸದ್ದಿನ ಬೆನ್ನು ಹತ್ತದೆ ರಸ್ತೆಯ ಮೇಲೆ ಗಮನವಿಡಬೇಕು.

ಈ ಪರೀಕ್ಷೆಯೂ ಅಂತಿಮವಲ್ಲ. ಕಾರಿನ ಉಕ್ಕಿನ ಮೈ ಶಬ್ದವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತದೆ. ಹಿಂದಿನ ಚಕ್ರದ ಸದ್ದು ಮುಂದಿನದೆಂದು ಭಾಸವಾಗುವುದುಂಟು. ಖಚಿತಪಡಿಸಿಕೊಳ್ಳಲು ಚಕ್ರವನ್ನು ಎತ್ತಿ ನೋಡಲೇಬೇಕು.

ಚಕ್ರ ಎತ್ತಿ ನೋಡುವ ಕ್ರಮ

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮೊದಲನೇ ಗೇರಿನಲ್ಲಿಟ್ಟು, ಕರ್ಣ ದಿಕ್ಕಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಸ್ಟೆಪ್ನಿ ಬದಲಿಸುವ ಜಾಕ್ ನಂಬಿ ಕಾರಿನ ಅಡಿಗೆ ತೂರಬಾರದು. ಎತ್ತಿದ ಚಕ್ರವನ್ನು ಗಡಿಯಾರದ 12 ಮತ್ತು 6ರ ಸ್ಥಾನದಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಿಸಿ. ಅಲುಗಾಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ದೋಷವಿರುತ್ತದೆ. ಆಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಎಂದು ಊಹಿಸಬಹುದು. ಮುಂದಿನ ಚಕ್ರವನ್ನು 3 ಮತ್ತು 9ರ ಸ್ಥಾನದಲ್ಲಿ ಹಿಡಿದಾಗ ಮಾತ್ರ ಅಲುಗಿದರೆ ಸ್ಟೇರಿಂಗ್‌ನ ಟೈ ರಾಡ್ ತುದಿ ಸವೆದಿರುತ್ತದೆ.

ಬಳಿಕ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಎಂಜಿನ್ ಬಲ ಹರಿಯುವ ಚಕ್ರವಾದರೆ ಇದಕ್ಕಾಗಿ ಗೇರನ್ನು ನ್ಯೂಟ್ರಲ್‌ಗೆ ತರಬೇಕಾಗುತ್ತದೆ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಬಿಡಬೇಕಾಗುತ್ತದೆ. ಹೀಗೆ ಸಡಿಲಿಸುವ ಮೊದಲು ಕಲ್ಲುಗಳು ಭದ್ರವಾಗಿವೆಯೇ ಎಂದು ಮತ್ತೊಮ್ಮೆ ನೋಡಿ. ತಿರುಗುವ ಚಕ್ರದ ಸ್ಪ್ರಿಂಗ್ ಮೇಲೆ ಬೆರಳಿಟ್ಟಾಗ ಮರಳು ಬೀಸಿದಂಥ ಗರಗರ ಅನುಭವವಾದರೆ ಬೇರಿಂಗ್ ಕೆಟ್ಟಿರುವುದು ಬಹುತೇಕ ಖಚಿತ. ಅಲುಗಾಟವಿಲ್ಲವೆಂದ ಮಾತ್ರಕ್ಕೆ ಬೇರಿಂಗ್ ಸರಿಯಿದೆ ಎನ್ನಲಾಗದು; ಆರಂಭದ ಹಂತದಲ್ಲಿ ಸದ್ದು ಮೊದಲು, ಅಲುಗಾಟ ನಂತರ.

ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಕೆಳಗಿನ ಯಾವುದಾದರೂ ಒಂದು ಕಂಡುಬಂದರೆ ‘ಖಾನಾಪುರದವರೆಗೆ ಹೋಗಿಬಿಡೋಣ’ ಎಂಬ ಲೆಕ್ಕಾಚಾರ ಬೇಡ.

* ಸದ್ದಿನೊಂದಿಗೆ ಚಕ್ರ ಓಲಾಡಿದಂತೆ ಅಥವಾ ಸ್ಟೇರಿಂಗ್ ಹಠಾತ್ತನೆ ಒಂದು ಕಡೆಗೆ ಎಳೆದಂತೆ ಅನ್ನಿಸುವುದು.
* ಟೈರು ಬದಲಿಸಿದ ಅಥವಾ ಪಂಕ್ಚರ್ ತಿದ್ದಿಸಿದ ಕೆಲವೇ ಕಿ.ಮೀ.ಗಳಲ್ಲಿ ಟಕ್ ಟಕ್ ಸದ್ದು ಆರಂಭವಾಗುವುದು. ಚಕ್ರದ ನಟ್ ಸಡಿಲಾಗಿರುವ ಸಂಭವವಿದೆ.
* ಒಂದೇ ಚಕ್ರದಿಂದ ಸುಟ್ಟ ವಾಸನೆ ಅಥವಾ ಹೊಗೆ. ಬ್ರೇಕ್ ಹಿಡಿದುಕೊಂಡಿರಬಹುದು. ರಿಮ್ ಮುಟ್ಟಬೇಡಿ, ಕೈ ಸುಟ್ಟೀತು. ಬಿಸಿ ಡಿಸ್ಕ್ ಮೇಲೆ ನೀರು ಸುರಿಯುವುದೂ ತಪ್ಪು, ಅದು ಸೀಳಬಹುದು.
* ಬ್ರೇಕ್ ಪೆಡಲ್ ಎಂದಿಗಿಂತ ಆಳಕ್ಕೆ ಇಳಿಯುವುದು.
* ಟೈರಿನ ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬು ಕಾಣುವುದು.

ಇಂಥ ವೇಳೆ ಅಪಾಯ ಸೂಚಕ ದೀಪ ಹಾಕಿ, ತಿರುವಿಲ್ಲದ ಜಾಗದಲ್ಲಿ ರಸ್ತೆಯಿಂದ ಪೂರ್ತಿ ಬದಿಗೆ ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ ವಾಹನದಿಂದ ದೂರ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ತುರ್ತು ಸಂದರ್ಭಕ್ಕೆ 112 ಸಂಖ್ಯೆಗಳಿವೆ. ಘಟ್ಟದ ಕಾಡಿನೊಳಗೆ ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳಲಾಗದ ಕಾರಣ ಸಂಶಯವನ್ನು ಖಾನಾಪುರ ಅಥವಾ ಜಾಂಬೋಟಿ ದಾಟುವ ಮೊದಲೇ ಪರಿಹರಿಸಿಕೊಳ್ಳುವುದು ಕ್ಷೇಮ.

ಗ್ಯಾರೇಜಿನಲ್ಲಿ ಕೇಳಬೇಕಾದುದು

‘ಸದ್ದು ಬರುತ್ತಿದೆ, ನೋಡಿ’ ಎಂದಷ್ಟೇ ಹೇಳಿದರೆ ಮಿಸ್ತ್ರಿಗೂ ಕಷ್ಟ. ಎಷ್ಟು ವೇಗದಲ್ಲಿ, ಯಾವ ತಿರುವಿನಲ್ಲಿ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಎಂದಿನಿಂದ ಎಂಬುದನ್ನು ಬರೆದುಕೊಂಡು ಹೋಗಿ. ಸಾಧ್ಯವಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ. ಸದ್ದು ಕೇಳದೆ ಭಾಗ ಬದಲಿಸಲು ಒಪ್ಪಬೇಡಿ.

ಬೇರಿಂಗ್ ಬದಲಿಸುವುದಾದರೆ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಮೊದಲನೆಯದಾಗಿ, ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು, ಪ್ರೆಸ್ ಬಳಸಬೇಕು. ನಕಲ್‌ಗೆ ಒತ್ತುವಾಗ ಬಲ ಹೊರ ಬಳೆಯ ಮೇಲೆ ಬೀಳಬೇಕು. ಒಳ ಬಳೆಯನ್ನು ಒತ್ತಿದರೆ ಗುಂಡುಗಳ ಮೂಲಕ ಬಲ ಹಾದು ಹೊಸ ಬೇರಿಂಗ್ ಅಂದೇ ಗಾಯಗೊಳ್ಳುತ್ತದೆ. ಯಂತ್ರೋದ್ಯಮದ ನೆಲೆಯಾದ ಉದ್ಯಮಬಾಗ ಇರುವ ಬೆಳಗಾವಿಯಲ್ಲಿ ಪ್ರೆಸ್ ಸಿಗುವುದು ಕಷ್ಟವೇನಲ್ಲ. ಎರಡನೆಯದಾಗಿ, 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಎ.ಬಿ.ಎಸ್. ಕಡ್ಡಾಯವಾಗಿದೆ. ಹಲವು ಕಾರುಗಳಲ್ಲಿ ಎ.ಬಿ.ಎಸ್. ಸಂವೇದಕ ಓದುವ ಕಾಂತೀಯ ಉಂಗುರ ಬೇರಿಂಗ್‌ನ ಒಂದು ಬದಿಯಲ್ಲೇ ಇರುತ್ತದೆ. ಅದನ್ನು ತಿರುವುಮುರುವಾಗಿ ಕೂರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ. ಮೂರನೆಯದಾಗಿ, ಆಕ್ಸಲ್‌ನ ನಟ್ಟನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು.

ಚಕ್ರದ ನಟ್‌ಗಳಿಗೂ ಇದೇ ನಿಯಮ. ಎದುರುಬದುರು ಕ್ರಮದಲ್ಲಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಬಿಗಿದು, 50ರಿಂದ 100 ಕಿ.ಮೀ. ಓಡಿದ ನಂತರ ಇನ್ನೊಮ್ಮೆ ಪರೀಕ್ಷಿಸಬೇಕು.

ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ, ಭಾಗದ ಹೆಸರು ಹಾಗೂ ಕೂಲಿಯ ವಿವರವಿರುವ ಬಿಲ್ ಇಟ್ಟುಕೊಳ್ಳಿ. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಅಲ್ಲಿ ನೆರವಿಗೆ ಬರುವುದು ಇದೇ ಬಿಲ್ಲು ಮತ್ತು ಹಳೆಯ ಭಾಗಗಳು.

ವಿದ್ಯುತ್ ಕಾರುಗಳಲ್ಲಿ

ವಿದ್ಯುತ್ ಕಾರುಗಳಲ್ಲಿ ಎಂಜಿನ್ನಿನ ಸದ್ದಿಲ್ಲದ ಕಾರಣ ಟೈರು, ಬೇರಿಂಗ್‌ಗಳ ಸಣ್ಣ ದನಿಯೂ ಕೇಳುತ್ತದೆ. ಹೊಸದಾಗಿ ಕೊಂಡವರು ಸಹಜವಾದ ಟೈರಿನ ಸದ್ದನ್ನೇ ದೋಷವೆಂದು ಭಾವಿಸುವುದುಂಟು. ಮತ್ತೊಂದು ವ್ಯತ್ಯಾಸವೂ ಇದೆ. ಈ ಕಾರುಗಳಲ್ಲಿ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡುವುದರಿಂದ ಬ್ರೇಕ್ ಬಳಕೆ ಕಡಿಮೆ. ಹೀಗಾಗಿ ಮಳೆಗಾಲದಲ್ಲಿ ಡಿಸ್ಕ್‌ಗೆ ತುಕ್ಕು ಹಿಡಿಯುವ, ಕ್ಯಾಲಿಪರ್ ಜಾಮ್ ಆಗುವ ಸಂಭವ ಹೆಚ್ಚು. ಹಿಂದೆ ಮುಂದೆ ವಾಹನವಿಲ್ಲದ ರಸ್ತೆಯಲ್ಲಿ ಆಗಾಗ ಪೆಡಲ್ ಒತ್ತಿ ಬ್ರೇಕ್ ಬಳಸುವುದರಿಂದ ಡಿಸ್ಕ್ ಶುಚಿಯಾಗಿರುತ್ತದೆ.

ಮಳೆಗಾಲಕ್ಕೆ ಮುನ್ನ, ನಂತರ

ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ನಾಲ್ಕೂ ಚಕ್ರಗಳನ್ನು ಬಿಚ್ಚಿಸಿ ಪ್ಯಾಡ್, ಹಿಂದಿನ ಡ್ರಮ್‌ನ ಶೂ, ರಬ್ಬರ್ ಬೂಟ್, ಬಾಲ್ ಜಾಯಿಂಟ್ ಹಾಗೂ ಟೈರಿನ ಒಳಪಕ್ಕವನ್ನು ನೋಡಿಸಿದರೆ ಮೇಲೆ ಹೇಳಿದ ಬಹುಪಾಲು ದೋಷಗಳು ಸದ್ದು ಮಾಡುವ ಮೊದಲೇ ಕಣ್ಣಿಗೆ ಬೀಳುತ್ತವೆ. ಟೈರಿನ ಪಟ್ಟೆಯ ಆಳ 1.6 ಮಿ.ಮೀ.ಗೆ ಇಳಿದರೆ ಟೈರು ಬದಲಿಸಲೇಬೇಕು; ಘಟ್ಟದ ಮಳೆಯಲ್ಲಿ ಓಡಾಡುವವರು ಅದಕ್ಕೂ ಮೊದಲೇ ಬದಲಿಸುವುದು ಲೇಸು. ಬ್ರೇಕ್ ಆಯಿಲ್ ತೇವಾಂಶ ಹೀರುವ ಗುಣವುಳ್ಳದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತೇವಾಂಶ ಸೇರಿದ ಆಯಿಲ್ ಘಟ್ಟದ ಇಳಿಜಾರಿನಲ್ಲಿ ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು, ಮತ್ತು ಈ ದೋಷ ಮುಂಚಿತವಾಗಿ ಯಾವ ಸದ್ದನ್ನೂ ಮಾಡುವುದಿಲ್ಲ.